ಉಪ್ಪು ನೋಡುವವರು

ಮಾರ್ಚ್ 3, ಸೋಮವಾರ

ಇಂದು ಮಾರ್ಚ್ ಮೂರು. ಈ ಪುಸ್ತಕ ತೆರೆದಿರುವ ಉದ್ದೇಶ ಒಂದೇ: ದೊಡ್ಡಮ್ಮ ಪ್ರತಿ ಶನಿವಾರ ಮಾಡುವ ಚೀಸ್ ಆಲೂಗಡ್ಡೆಯನ್ನು ಒಂದು ಪುಟದ ಬರಹಕ್ಕೆ ಇಳಿಸುವುದು. ಈ ಮನೆಯ ಹೊಸ್ತಿಲು ತುಳಿಯದವರೂ ಆ ಪುಟವನ್ನು ಓದಿಕೊಂಡು ಇದೇ ರುಚಿ ತರುವಂತಿರಬೇಕು.

ಆಹಾರ ವಿಜ್ಞಾನ ಪದವಿಯ ಅಂತಿಮ ವರ್ಷದ ಪ್ರಾಜೆಕ್ಟ್. ವಿಭಾಗದ ನಿಯಮ ಸರಳ. ಮನೆಯ ಒಂದು ಅಡುಗೆ ಆರಿಸಿಕೊಳ್ಳಬೇಕು. ಮೂರು ಸಲ ಕೂತು ನೋಡಬೇಕು. ಅಳತೆ, ಕಾಲ, ಉಷ್ಣತೆ ಸಮೇತ ವಿಧಾನ ಬರೆಯಬೇಕು. ಸಹಪಾಠಿಯೊಬ್ಬರು ಆ ಪುಟವನ್ನಷ್ಟೇ ಹಿಡಿದು ಲ್ಯಾಬ್‌ನಲ್ಲಿ ಮೂರು ಸಲ ಮಾಡುತ್ತಾರೆ. ಮೂರೂ ಸಲ ಒಂದೇ ರುಚಿ ಬಂದರೆ ವಿಧಾನ ಗೆದ್ದಂತೆ. ನೂರು ಅಂಕ.

ಏಳು ಸೆಮಿಸ್ಟರ್ ಮುಗಿದಿವೆ. ಏಳರಲ್ಲೂ ಮೊದಲ ಸ್ಥಾನ ನನ್ನದು. ಎಂಟನೆಯದೂ ನನ್ನದಾಗಬೇಕು, ಆಗುತ್ತದೆ. ನನ್ನ ಬೆನ್ನಿಗೇ ಇರುವವಳನ್ನು ತರಗತಿಯೆಲ್ಲ ‘ಸೆಕೆಂಡ್’ ಎಂದು ಕರೆಯುತ್ತದೆ. ಅವಳೇ ಇಟ್ಟುಕೊಂಡ ಹೆಸರು. ಒಟ್ಟು ಲೆಕ್ಕದಲ್ಲಿ ನಮ್ಮಿಬ್ಬರ ನಡುವೆ ಆರು ಅಂಕಗಳ ಅಂತರ. ನನ್ನ ಪುಟ ನೋಡಿ ಅಡುಗೆ ಮಾಡಬೇಕಾದವಳೂ ಅವಳೇ — ಚೀಟಿ ಎತ್ತಿದಾಗ ಬಂದದ್ದು.

ಹೊರಗಿನ ಪರೀಕ್ಷಕರು ಕಾಲೇಜಿನ ಎದುರಿರುವ ದೊಡ್ಡ ಕಚೇರಿಯ ಕ್ಯಾಂಟೀನ್ ಮ್ಯಾನೇಜರ್. ದೊಡ್ಡಮ್ಮ ಅಲ್ಲಿಯೇ ಮುಖ್ಯ ಅಡುಗೆಯವರು. ದೊಡ್ಡಪ್ಪ ಅಲ್ಲಿಯೇ ಸ್ಟೋರ್‌ಕೀಪರ್. ಅಂದರೆ ಪರೀಕ್ಷಕರು ಹದಿನಾರು ವರ್ಷಗಳಿಂದ ಇದೇ ಕೈರುಚಿ ಉಂಡವರು. ಇದಕ್ಕಿಂತ ಅನುಕೂಲ ಬೇಕೆ?


ಮಾರ್ಚ್ 8, ಶನಿವಾರ. ಸಂಜೆ 7:15

ಮೊದಲ ವೀಕ್ಷಣೆ ಮುಗಿಯಿತು. ಡಿಜಿಟಲ್ ತಕ್ಕಡಿ, ಥರ್ಮಾಮೀಟರ್, ಸ್ಟಾಪ್‌ವಾಚ್, ಸ್ಕೇಲು — ನಾಲ್ಕನ್ನೂ ಅಡುಗೆಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ.

“ಏನೇ ಇದು? ಅಡುಗೆ ನೋಡೋಕೆ ಬಂದ್ಯಾ, ಮಹಜರು ಮಾಡೋಕೆ ಬಂದ್ಯಾ?” ಎಂದರು ದೊಡ್ಡಮ್ಮ.

“ನೀವು ಯಾವಾಗ್ಲೂ ಮಾಡೋ ಹಾಗೇ ಮಾಡಿ. ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ.”

“ಇಷ್ಟುದ್ದ ನಿಂತಿದ್ದೀಯ. ಇಲ್ಲ ಅಂತ ಹೇಗೆ ಅಂದ್ಕೊಳ್ಳೋದು? ಸರಿ ಆ ಕಡೆ, ಬೆಳಕು ಬರಲಿ.”

ಆಲೂಗಡ್ಡೆ 1,240 ಗ್ರಾಂ. ಬಿಲ್ಲೆಯ ದಪ್ಪ ಮೂರು ಮಿಲಿಮೀಟರ್. ಚಾಕುವಿನಲ್ಲಿ, ಕಣ್ಣೆತ್ತಿ ಮಾತಾಡುತ್ತಲೇ ಹೆಚ್ಚುತ್ತಾರೆ. ಹದಿನೆಂಟು ಬಿಲ್ಲೆ ಎತ್ತಿ ಅಳೆದೆ, ಹದಿನೇಳು ಸರಿ. ಹೆಚ್ಚಿದ ಮೇಲೆ ತೊಳೆಯುವಂತಿಲ್ಲ, ಪಿಷ್ಟ ಹೋಗುತ್ತದೆ. ಬೆಣ್ಣೆಯಲ್ಲಿ ಈರುಳ್ಳಿ, ಅದರ ಮೇಲೆ ಮೈದಾ, ಆಮೇಲೆ ಬೆಚ್ಚಗಿನ ಹಾಲು. ಸಾಸ್ ಚಮಚದ ಬೆನ್ನಿಗೆ ಅಂಟಬೇಕು; ಬೆರಳೆಳೆದರೆ ಗೆರೆ ಹಾಗೇ ನಿಲ್ಲಬೇಕು. ಚೀಸ್ ಮಾತ್ರ ವಿಚಿತ್ರ: ಅಂಗಡಿಯಲ್ಲಿ ದೊಡ್ಡ ಗಟ್ಟಿಗಳನ್ನು ಕತ್ತರಿಸಿದಾಗ ಉಳಿಯುವ ಅಂಚಿನ ತುಂಡುಗಳು, ಮೂರು ನಾಲ್ಕು ಬಗೆ ಬೆರೆತವು. 320 ಗ್ರಾಂ. ಒಂದು ಪದರ ಆಲೂಗಡ್ಡೆ, ಒಂದು ಪದರ ಸಾಸ್, ಒಂದು ಹಿಡಿ ಚೀಸ್ — ಹೀಗೆ ನಾಲ್ಕು ಸಲ. ಮೇಲೆ ಬ್ರೆಡ್ ಪುಡಿ. ಅಂಚು ಒಡೆದ ನೀಲಿ ಪಿಂಗಾಣಿ ಪಾತ್ರೆ. ಓವನ್ 180 ಡಿಗ್ರಿ. ಮುಚ್ಚಿ ನಲವತ್ತು ನಿಮಿಷ, ತೆರೆದು ಇಪ್ಪತ್ತೈದು.

ಬೆಂದದ್ದನ್ನು ದೊಡ್ಡಮ್ಮ ಕಿವಿಯಿಂದ ತಿಳಿಯುತ್ತಾರೆ. ಅಂಚಿನಲ್ಲಿ ಕುದಿಯುವ ಸದ್ದು ಮೊದಲು ಸಣ್ಣಗೆ, ಚುರುಕಾಗಿ ಇರುತ್ತದೆ. ಆಮೇಲೆ ದಪ್ಪಗಾಗಿ ನಿಧಾನವಾಗುತ್ತದೆ. ಆಗ ತೆಗೆಯುವುದು. ಆ ಕ್ಷಣದ ಒಳಗಿನ ಉಷ್ಣತೆ 94 ಡಿಗ್ರಿ. ಕಿವಿಯ ಬದಲು ಥರ್ಮಾಮೀಟರ್ ಎಂದು ಬರೆದರೆ ಆಯಿತು.

ಉಪ್ಪು: ಡಬ್ಬಿಯನ್ನು ಮೊದಲೂ ಆಮೇಲೂ ತೂಗಿದೆ. 14 ಗ್ರಾಂ. ಇದನ್ನು ಸಾಸ್‌ಗೆ ಎರಡು ಕಂತಿನಲ್ಲಿ ಹಾಕಿದರು. ಮಧ್ಯೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಪದಬಂಧ ಬಿಡಿಸುತ್ತ ಕೂತಿದ್ದ ದೊಡ್ಡಪ್ಪನಿಗೆ ಚಮಚ ಚಾಚಿ, “ರೀ, ನೋಡಿ” ಎಂದರು.

“ಇನ್ನೊಂದು ಚೂರು.”

“ನಿಮ್ಮದು ಇದ್ದದ್ದೇ. ಇನ್ನೊಂದು ಚೂರು, ಇನ್ನೊಂದು ಚೂರು.”

“ಮದುವೆ ಆದಾಗಿಂದ ಚೂರು ಚೂರೇ ತಾನೆ ಸಿಗ್ತಿರೋದು.”

ದಂಪತಿಗಳ ಸರಸ. ವಿಧಾನಕ್ಕೆ ಸಂಬಂಧವಿಲ್ಲ. ವೀಕ್ಷಣೆಯ ಟಿಪ್ಪಣಿಗೆ ಬರೆದುಕೊಳ್ಳಲಿಲ್ಲ.

ವೀಕ್ಷಣೆಯ ಹಾಳೆಯಲ್ಲಿ ಒಂದು ಕಾಲಂ ಉಳಿದಿದೆ: ‘ಅಡುಗೆ ಮಾಡಿದವರು ಕೊಟ್ಟ ರುಚಿಯ ಅಂಕ, ಹತ್ತಕ್ಕೆ’. ಕೇಳಿದರೆ, “ಆಮೇಲೆ ಹೇಳ್ತೀನಿ, ಕೈ ಬಿಡುವಿಲ್ಲ” ಎಂದರು. ಆಗಲಿ.


ಮಾರ್ಚ್ 15, ಶನಿವಾರ

ಎರಡನೆಯ ವೀಕ್ಷಣೆ. ಎಲ್ಲ ಅಳತೆಯೂ ಹೆಚ್ಚುಕಡಿಮೆ ಅದೇ. ಉಪ್ಪು ಮಾತ್ರ 9 ಗ್ರಾಂ!

ರುಚಿ ಮಾತ್ರ ಹೋದ ವಾರದ್ದೇ, ಒಂದೆಳೆಯೂ ವ್ಯತ್ಯಾಸವಿಲ್ಲ. ತಕ್ಕಡಿ ಕೆಟ್ಟಿದೆಯೇ ಎಂದು ಲ್ಯಾಬ್‌ನ ತೂಕದ ಬಟ್ಟು ತಂದು ಪರೀಕ್ಷಿಸಿದೆ. ತಕ್ಕಡಿ ಸರಿಯಾಗಿದೆ.

ಅಂಕದ ಕಾಲಂ ಇವತ್ತೂ ಖಾಲಿ. ದೊಡ್ಡಮ್ಮನಿಗೆ ತಟ್ಟೆ ತೊಳೆಯುವ ಅವಸರವಂತೆ.

ಸೆಕೆಂಡ್ ಫೋನ್ ಮಾಡಿದ್ದಳು. ಅವಳ ಪ್ರಾಜೆಕ್ಟ್ ಅವಳ ಅಣ್ಣ ಮಾಡುವ ಟೊಮೆಟೊ ಸೂಪ್.

“ನಮ್ಮಣ್ಣ ತನಗೆ ತಾನೇ ಹತ್ತಕ್ಕೆ ಹನ್ನೊಂದು ಕೊಟ್ಕೊಂಡಿದಾನೆ. ನಿಂದು?”

“ಇನ್ನೂ ತಗೊಂಡಿಲ್ಲ.”

“ಎಂಟು ಅಂತ ಹಾಕೇ. ಆ ಕಾಲಂ ಯಾರು ನೋಡ್ತಾರೆ? ಎಲ್ಲರೂ ಎಂಟು ಅಂತಾನೇ ಹಾಕೋದು.”

ಅಳೆಯದ ಸಂಖ್ಯೆಯನ್ನು ಈ ಏಳು ಸೆಮಿಸ್ಟರ್‌ಗಳಲ್ಲಿ ಒಮ್ಮೆಯೂ ಬರೆದಿಲ್ಲ ಎಂದೆ. “ಅದಕ್ಕೇ ನೀನು ಫಸ್ಟು, ನಾನು ನೆಮ್ಮದಿ” ಎಂದಳು. ಇಂಥ ಮಾತಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.


ಮಾರ್ಚ್ 22, ಶನಿವಾರ

ಮೂರನೆಯ ವೀಕ್ಷಣೆ. ಉಪ್ಪು 11 ಗ್ರಾಂ. ಮೂರರ ಸರಾಸರಿ 11.3. ಸಮಸ್ಯೆ ಪರಿಹಾರವಾಯಿತು. ನಾಳೆ ನಾನೇ ಮಾಡುತ್ತೇನೆ.


ಮಾರ್ಚ್ 23, ಭಾನುವಾರ. ಮಧ್ಯಾಹ್ನ 3:00

ಸಮಸ್ಯೆ ಪರಿಹಾರವಾಗಿಲ್ಲ.

ಹನ್ನೆರಡು ಹಂತಗಳ ಪುಟವನ್ನು ಗೋಡೆಗೆ ಅಂಟಿಸಿ, ಅಕ್ಷರಶಃ ಪಾಲಿಸಿದೆ. ಬಿಲ್ಲೆಗಳು ಮೂರು ಮಿಲಿಮೀಟರ್. ಉಪ್ಪು 11.3 ಗ್ರಾಂ, ನಿಖರವಾಗಿ. ಸಾಸ್‌ನಲ್ಲಿ ಒಂದೂ ಗಂಟಿಲ್ಲ. ಒಳಗಿಟ್ಟು, ಮಹಡಿಗೆ ಹೋಗಿ ವರದಿಯ ಮುನ್ನುಡಿ ಬರೆಯತೊಡಗಿದೆ. ಕೊನೆಯ ಹದಿನೈದು ನಿಮಿಷ ನೋಡಿಕೊಳ್ಳುವ ಹೊಣೆ ದೊಡ್ಡಮ್ಮನದು.

ಮೆಟ್ಟಿಲ ತುದಿಯಲ್ಲೇ ಮೂಗಿಗೆ ಹೊಡೆಯಿತು — ಕರಕಲು. ಓಡಿ ಇಳಿದೆ. ದೊಡ್ಡಮ್ಮ ಓವನ್‌ನಿಂದ ಒಂದು ಮಾರು ದೂರದಲ್ಲಿ ಬಟ್ಟೆ ಮಡಚುತ್ತ ಕೂತಿದ್ದರು. ಹಿತ್ತಿಲ ಬಾಗಿಲಾಚೆ ಮಿಕ್ಸಿ ರಿಪೇರಿಗೆ ಕೂತಿದ್ದ ದೊಡ್ಡಪ್ಪ ಅದನ್ನು ಬಿಡದೆ ಓಡಿಸುತ್ತಲೇ ಇದ್ದರು; ಆ ಗದ್ದಲದಲ್ಲಿ ಏನೂ ಕೇಳುವಂತಿರಲಿಲ್ಲ.

“ಅಯ್ಯೋ, ಸದ್ದು ಗೊತ್ತಾಗಲಿಲ್ಲ ಕಣೇ,” ಎಂದರು.

ಮೇಲಿನ ಕಪ್ಪು ಕೆರೆದು ತಿಂದೆವು. ಒಳಗೆ ಉಪ್ಪೋ ಉಪ್ಪು.

ದೊಡ್ಡಪ್ಪ ಒಂದು ತುತ್ತು ಬಾಯಿಗಿಟ್ಟು, ಎರಡು ಲೋಟ ನೀರು ಕುಡಿದು, “ಅಳತೆ ಚೆನ್ನಾಗಿದೆ” ಎಂದರು.

ದೊಡ್ಡಮ್ಮ ಮಾತ್ರ ಪೂರ್ತಿ ತಟ್ಟೆ ಖಾಲಿ ಮಾಡಿದರು. “ಚೆನ್ನಾಗೇ ಮಾಡಿದ್ದೀಯಲ್ಲೇ. ಇವರದ್ದು ಬಾಯಿ ಜಾಸ್ತಿ” ಎಂದರು. ನನ್ನ ಮೇಲಿನ ಪ್ರೀತಿ, ಎಂದುಕೊಂಡೆ.


ಮಾರ್ಚ್ 24, ಸೋಮವಾರ. ಸಂಜೆ

ಕಾರಣ ಸಿಕ್ಕಿತು. ಚೀಸ್ ಅಂಚುಗಳು. ಒಂದು ವಾರ ಉಪ್ಪಿನ ಬಗೆ ಹೆಚ್ಚಿರುತ್ತದೆ, ಇನ್ನೊಂದು ವಾರ ಸಪ್ಪೆಯದು. ಅದಕ್ಕೆ ತಕ್ಕಂತೆ ಸಾಸ್‌ನ ಉಪ್ಪು ಹೊಂದಿಕೊಳ್ಳುತ್ತದೆ. ಇದನ್ನು ಸರಾಸರಿಯಲ್ಲಿ ಹಿಡಿಯಹೊರಟದ್ದು ನನ್ನ ಮೂರ್ಖತನ. ಈ ಪದವನ್ನು ನನ್ನ ಬಗ್ಗೆ ಬಳಸಬೇಕಾದ ಸಂದರ್ಭ ಅಪರೂಪ, ಆದ್ದರಿಂದ ದಾಖಲಿಸುತ್ತಿದ್ದೇನೆ.

ಒಂದೇ ಬಗೆಯ ಪ್ಯಾಕೆಟ್ ಚೀಸ್ ಹಾಕಿ ಒಂದು ಸಣ್ಣ ಬಟ್ಟಲಿನಷ್ಟು ಮಾಡಿ ನೋಡಿದೆ. ಅಳತೆ ಪಕ್ಕಾ ಬಂತು. ರುಚಿ ಮಾತ್ರ ಬೇರೆ ಯಾರದೋ ಮನೆಯದು. ನಿಯಮ ‘ಮನೆಯ ಅಡುಗೆ’ ಎನ್ನುತ್ತದೆ. ಕೈಬಿಟ್ಟೆ.

ಹಾಗಾದರೆ ಉಪ್ಪನ್ನು ಪ್ರತಿ ಸಲವೂ ನಾಲಗೆಯೇ ನಿರ್ಧರಿಸಬೇಕು. ಯಾರ ನಾಲಗೆ? ಮೂರು ವೀಕ್ಷಣೆಗಳ ಟಿಪ್ಪಣಿ ತಿರುವಿದೆ. ಎಪ್ಪತ್ತೊಂದು ನಮೂದುಗಳು. ದೊಡ್ಡಮ್ಮ ಚಮಚ ಬಾಯಿಗಿಟ್ಟ ನಮೂದು ಒಂದೂ ಇಲ್ಲ.

ನಾನು ಟಿಪ್ಪಣಿಗೆ ಬರೆದುಕೊಳ್ಳದೆ ಬಿಟ್ಟದ್ದು ಒಂದೇ — ಆ ಸ್ಟೂಲು, ಆ ‘ರೀ, ನೋಡಿ’.


ಮಾರ್ಚ್ 25, ಮಂಗಳವಾರ

ಪರೀಕ್ಷೆ ಮಾಡಿದೆ. ಎರಡು ಬಟ್ಟಲು ಸಾಸ್. ಒಂದಕ್ಕೆ ಉಪ್ಪೇ ಇಲ್ಲ. ಇನ್ನೊಂದಕ್ಕೆ ಮೂರು ಪಟ್ಟು. ದೊಡ್ಡಪ್ಪ ಮನೆಯಲ್ಲಿರಲಿಲ್ಲ. ದೊಡ್ಡಮ್ಮ ಕ್ಯಾಂಟೀನಿನಿಂದ ಬಂದು ಕಾಲು ಚಾಚಿ ಕೂತಿದ್ದರು. ಎರಡು ಚಮಚ, ಒಂದಾದ ಮೇಲೊಂದು.

“ಇದು ಹೇಗಿದೆ?”

“ಚೆನ್ನಾಗಿದೆ.”

“ಇದು?”

ಒಂದು ಗಳಿಗೆ ನನ್ನ ಮುಖ ನೋಡಿದರು. “ಇದೂ ಚೆನ್ನಾಗಿದೆ.”

ಫಲಿತಾಂಶ ಖಚಿತ.


ಮಾರ್ಚ್ 29, ಶನಿವಾರ. ಬೆಳಿಗ್ಗೆ 11:00

ಮೂರು ದಿನ ಬರೆಯಲಿಲ್ಲ.

ಇವತ್ತು ವೀಕ್ಷಣೆ ಇಲ್ಲ. ತಕ್ಕಡಿ ಹೊರಗೆ ತೆಗೆಯಲಿಲ್ಲ. ಸಿಪ್ಪೆ ಸುಲಿದು ಕೊಡುತ್ತ ಕೂತೆ. ದೊಡ್ಡಮ್ಮನೇ ಮಾತು ತೆಗೆದರು, ಆಲೂಗಡ್ಡೆಯಿಂದ ಕಣ್ಣೆತ್ತದೆ.

“ಒಂದೇ ಸಾಸ್‌ಗೆ ಯಾರಾದ್ರೂ ಎರಡು ಚಮಚ ಕೊಳೆ ಮಾಡ್ತಾರೇನೇ? ಎರಡನೇದು ತೆಗೆದಾಗಲೇ ಗೊತ್ತಾಯ್ತು ನಂಗೆ.”

ಸಿಕ್ಕಿಬಿದ್ದೆ. ಇದೂ ಅಪರೂಪ.

“ಗೊತ್ತಾಗಿದ್ರೆ ಯಾಕೆ ಚೆನ್ನಾಗಿದೆ ಅಂದ್ರಿ?”

“ಇನ್ನೇನನ್ನಲಿ? ಇಷ್ಟು ಓದಿದ ಹುಡುಗಿ ಇಷ್ಟು ಕಷ್ಟಪಟ್ಟು ಬಲೆ ಹಾಕಿದ್ದೀಯ. ಬೀಳದೇ ಇದ್ರೆ ನಿನಗೆ ಬೇಜಾರಾಗಲ್ವಾ?” ಎಂದು ನಕ್ಕರು.

ಎರಡು ವರ್ಷದ ಹಿಂದೆ ದೊಡ್ಡಮ್ಮನಿಗೆ ಬಂದಿದ್ದ ಆ ಜ್ವರ. ಜ್ವರ ಇಳಿಯಿತು, ವಾಸನೆ, ರುಚಿ ಎರಡೂ ವಾಪಸು ಬರಲಿಲ್ಲ. ಬಿಸಿ ಗೊತ್ತಾಗುತ್ತದೆ, ತಣ್ಣಗಿರುವುದು ಗೊತ್ತಾಗುತ್ತದೆ, ಗರಿಗರಿ, ಮೆತ್ತಗೆ — ಅಷ್ಟೇ. ಕ್ಯಾಂಟೀನಿನಲ್ಲಿ ದಿನಕ್ಕೆ ಮುನ್ನೂರು ಊಟ. ಪ್ರತಿ ಪಾತ್ರೆ ಇಳಿಸುವ ಮುಂಚೆ ಸ್ಟೋರಿನಿಂದ ದೊಡ್ಡಪ್ಪ ‘ಏನಾದ್ರೂ ಬೇಕಿತ್ತಾ’ ಎಂದು ಬರುತ್ತಾರೆ. ಒಂದು ಚಮಚ ನೋಡುತ್ತಾರೆ. ಹೋಗುತ್ತಾರೆ. ಎರಡು ವರ್ಷ. ಒಂದು ದಿನವೂ ತಪ್ಪಿಲ್ಲ. ಒಂದು ಊಟವೂ ಹಾಳಾಗಿಲ್ಲ.

“ಇವರಿಗೆ ನೆಗಡಿ ಆದ ದಿನ ನಾನು ರಜ ಹಾಕ್ತೀನಿ,” ಎಂದರು ದೊಡ್ಡಮ್ಮ.

“ನನಗೆ ನೆಗಡಿ, ಇವಳಿಗೆ ವಿಶ್ರಾಂತಿ,” ಎಂದರು ಸ್ಟೂಲಿನ ಮೇಲಿಂದ ದೊಡ್ಡಪ್ಪ. ಆಮೇಲೆ ನಗದೆ ಹೇಳಿದರು, “ಮ್ಯಾನೇಜರ್ ಒಳ್ಳೇ ಮನುಷ್ಯ. ಆದ್ರೆ ರೂಲು ರೂಲೇ. ಗೊತ್ತಾದ ಮಾರನೇ ದಿನ ಇವಳನ್ನ ಒಲೆ ಮುಂದಿಂದ ಎಬ್ಬಿಸ್ತಾರೆ. ತರಕಾರಿ ಹೆಚ್ಚೋಕೆ ಕೂರಿಸ್ತಾರೆ.”

“ಹೆಚ್ಚೋದೂ ಕೆಲಸಾನೇ,” ಎಂದರು ದೊಡ್ಡಮ್ಮ. ಚಾಕು ಮಾತ್ರ ನಿಂತಿತ್ತು.

ಇದೇ ದಿನಾಂಕದಲ್ಲಿ ಸೇರಿಸುತ್ತಿದ್ದೇನೆ: ಸಂಜೆ ಪುಟವನ್ನು ಹೊಸದಾಗಿ ಬರೆದೆ. ಒಂಬತ್ತನೆಯ ಹಂತ ಹೀಗಿದೆ — ‘ಮೊದಲು 5 ಗ್ರಾಂ ಉಪ್ಪು ಹಾಕಿ. ಚಮಚವನ್ನು ಪಕ್ಕದಲ್ಲಿ ಕೂತವರಿಗೆ ಕೊಡಿ. ಅವರು ಸಾಕು ಎನ್ನುವವರೆಗೆ ಚೂರು ಚೂರೇ ಹಾಕಿ. ನೀವು ನೋಡಬೇಡಿ.’


ಏಪ್ರಿಲ್ 2, ಬುಧವಾರ

ಲ್ಯಾಬ್. ಸೆಕೆಂಡ್ ನನ್ನ ಪುಟ ಹಿಡಿದು ನಿಂತಳು. ನಾನು ಗಾಜಿನ ಬಾಗಿಲ ಆಚೆ, ನಿಯಮದಂತೆ ಮಾತಾಡುವಂತಿಲ್ಲ. ಒಂದೊಂದು ಸಲಕ್ಕೂ ಬೇರೆ ಬೇರೆ ಚೀಸ್ ಅಂಚುಗಳನ್ನು ನಾನೇ ತಂದುಕೊಟ್ಟಿದ್ದೆ.

ಒಂಬತ್ತನೆಯ ಹಂತಕ್ಕೆ ಬಂದು, ಓದಿ, ಬಾಗಿಲ ಕಡೆ ತಿರುಗಿ ಕಣ್ಣರಳಿಸಿದಳು. ಆಮೇಲೆ ಲ್ಯಾಬ್ ಅಟೆಂಡರ್‌ಗೆ ಚಮಚ ಕೊಟ್ಟಳು. ಮೂರು ಸಲವೂ ಅವರೇ ನೋಡಿದರು. ಉಪ್ಪು ಮೂರು ಸಲಕ್ಕೆ ಮೂರು ಬಗೆ: 8, 12, 10. ರುಚಿ ಮಂಡಳಿಯ ಅಂಕಗಳು: 9.1, 9.2, 9.1.

ಗೆದ್ದಿತು. ಸಂದೇಹವೇ ಇರಲಿಲ್ಲ.

ಹೊರಬಂದ ಸೆಕೆಂಡ್ ಕೈ ಒರೆಸಿಕೊಳ್ಳುತ್ತ, “ನಾನೇ ಉಪ್ಪು ನೋಡಿದ್ರೆ ಮೂರನೇ ಸಲಕ್ಕೆ ನನ್ನ ನಾಲಗೆ ಮರಗಟ್ಟಿರೋದು. ಇದು ನಿನಗೆ ಹೇಗೆ ಹೊಳೀತು?” ಎಂದಳು.

“ಹೊಳೆದದ್ದಲ್ಲ. ನೋಡಿದ್ದು.”

“ಹಾಳಾಗಿ ಹೋಗು. ಆರು ಅಂಕ ನಿಂದೇ.” ಎರಡನೆಯ ಪಾತ್ರೆಯಿಂದ ಒಂದು ದೊಡ್ಡ ಹೋಳು ಡಬ್ಬಿಗೆ ಹಾಕಿಕೊಂಡು ಹೋದಳು, ಅಣ್ಣನಿಗೆ ಬುದ್ಧಿ ಬರಲಿ ಎಂದು.


ಏಪ್ರಿಲ್ 4, ಶುಕ್ರವಾರ

ಮೌಖಿಕ ಪರೀಕ್ಷೆ. ಮೇಜಿನ ಆಚೆ ಇಬ್ಬರು: ನಮ್ಮ ಗೈಡ್ ಮೇಡಂ, ಕ್ಯಾಂಟೀನ್ ಮ್ಯಾನೇಜರ್. ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ. ಪಿಷ್ಟ ಯಾವ ಉಷ್ಣತೆಯಲ್ಲಿ ಹಿಗ್ಗುತ್ತದೆ, ಚೀಸ್ ಎಣ್ಣೆ ಬಿಡುವುದೇಕೆ, ಹತ್ತು ನಿಮಿಷ ಆರಲು ಬಿಡುವುದೇಕೆ — ಎಲ್ಲಿಯೂ ತಡವರಿಸಲಿಲ್ಲ. ಮೇಡಂ ಎರಡು ಸಲ ಮುಗುಳ್ನಕ್ಕರು.

ಮ್ಯಾನೇಜರ್ ಒಂಬತ್ತನೆಯ ಹಂತದ ಮೇಲೆ ಬೆರಳಿಟ್ಟರು. “ಇದು ತುಂಬಾ ಹಿಡಿಸ್ತು ನಂಗೆ. ನಿಮ್ಮ ದೊಡ್ಡಮ್ಮ ನಮ್ಮಲ್ಲೂ ಹೀಗೇ. ನಿಮ್ಮ ದೊಡ್ಡಪ್ಪ ಸ್ಟೋರಿಂದ ಬಂದು ಒಂದು ಚಮಚ ನೋಡದೆ ಪಾತ್ರೆ ಇಳಿಸಲ್ಲ. ನಾನು ಗಂಡ ಹೆಂಡತಿ ತಮಾಷೆ ಅಂದ್ಕೊಂಡಿದ್ದೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ, ಸರ್,” ಎಂದೆ.

ಹಾಳೆ ತಿರುವಿದರು. ವೀಕ್ಷಣೆ ಒಂದು, ಎರಡು, ಮೂರು. ಬೆರಳು ಕೊನೆಯ ಕಾಲಂನಲ್ಲಿ ನಿಂತಿತು.

“ಇದ್ಯಾಕಮ್ಮ ಖಾಲಿ? ಮೂರೂ ಖಾಲಿ.”

“ಅಂಕ ಸಿಗಲಿಲ್ಲ, ಸರ್.”

“ಸಿಗಲಿಲ್ಲ ಅಂದ್ರೆ? ಮನೇಲೇ ಇರೋರು, ಪಕ್ಕದಲ್ಲೇ ನಿಂತು ಮಾಡಿದ್ದೀರಿ.” ಮತ್ತೆ ಒಂಬತ್ತನೆಯ ಹಂತ ನೋಡಿದರು. ಮತ್ತೆ ಕಾಲಂ ನೋಡಿದರು. ಕನ್ನಡಕ ತೆಗೆದರು. “ನಿಮ್ಮ ದೊಡ್ಡಮ್ಮ ಚಮಚ ಬಾಯಿಗಿಟ್ಟಿದ್ದು ನಾನೂ ನೋಡಿದ ನೆನಪಿಲ್ಲ, ನೋಡಿ.”

ಅಷ್ಟಕ್ಕೇ ಬಿಟ್ಟು ಹಾಳೆಯನ್ನು ಮೇಡಂ ಕಡೆ ಸರಿಸಿದರು.

ಮೇಡಂ ನಡುವೆ ಬಂದರು. “ಆ ಕಾಲಂಗೆ ಹತ್ತು ಅಂಕ ಇದೆ. ಸೋಮವಾರ ಐದು ಗಂಟೆವರೆಗೆ ಟೈಮ್ ಕೊಡ್ತೀನಿ. ಅಂಕ ತುಂಬಿಸ್ಕೊಂಡು ಬಾ. ಆಗಲ್ಲ ಅಂದ್ರೆ ಯಾಕೆ ಖಾಲಿ ಅಂತ ಒಂದು ಸಾಲು ಬರಿ. ಯಾವುದಾದ್ರೂ ಸರಿ, ಹತ್ತು ಅಂಕ ಕೊಡ್ತೀನಿ. ಎರಡೂ ಇಲ್ಲ ಅಂದ್ರೆ ನನ್ನ ಕೈ ಕಟ್ಟಿದ ಹಾಗೆ.”

ಹತ್ತು ಹೋದರೆ ಆರು ಉಳಿಯುವುದಿಲ್ಲ. ಈ ಗಣಿತಕ್ಕೆ ಕಾಗದ ಬೇಕಿಲ್ಲ.


ಏಪ್ರಿಲ್ 5, ಶನಿವಾರ. ಸಂಜೆ 6:30

ಮುಚ್ಚಿಡಲಿಲ್ಲ, ಇಬ್ಬರಿಗೂ ಹೇಳಿದೆ. ಓವನ್ ಒಳಗೆ ನೀಲಿ ಪಾತ್ರೆ ಇತ್ತು.

“ಅಷ್ಟೇ ತಾನೆ?” ದೊಡ್ಡಮ್ಮ ಕೈ ಒರೆಸಿಕೊಂಡರು. “ತಾ ಇಲ್ಲಿ. ಎಂಟು, ಎಂಟು, ಒಂಬತ್ತು. ಬರಿ, ನಾನು ಸಹಿ ಹಾಕ್ತೀನಿ.”

“ನೀವು ರುಚಿ ನೋಡಿಲ್ಲ.”

“ನೋಡಿದೆ ಅಂತ ನಾನೇ ಹೇಳ್ತಿದ್ದೀನಲ್ಲ.”

“ದೊಡ್ಡಮ್ಮ.”

“ಹಾಗಾದ್ರೆ ನಿಜ ಬರಿ. ನನ್ನ ನಾಲಗೆ ಸತ್ತಿದೆ ಅಂತ ಬರಿ. ನಾಲ್ಕು ವರ್ಷ ಓದಿದ್ದೀಯ. ನನ್ನ ಒಲೆಗೋಸ್ಕರ ನೀನು ಎರಡನೆಯವಳಾಗೋದು ಬೇಡ. ಕೂತ್ಕೊಂಡು ತರಕಾರಿ ಹೆಚ್ತೀನಿ, ಮಂಡಿಗೂ ಒಳ್ಳೇದು.”

ದೊಡ್ಡಪ್ಪ ಪದಬಂಧ ಮಡಚಿಟ್ಟರು. “ಇವಳು ಹೇಳಿದ್ದು ಕೇಳು ಮಗಳೇ. ನಾವು ಹೇಗೋ ಸುಧಾರಿಸ್ಕೋತೀವಿ.”

ಆಗ ಓವನ್‌ನಿಂದ ಆ ಸದ್ದು — ಸಣ್ಣಗಿದ್ದದ್ದು ದಪ್ಪಗಾಯಿತು. ಮೂವರಿಗೂ ಒಟ್ಟಿಗೇ ಕೇಳಿತು. ದೊಡ್ಡಮ್ಮ ಎದ್ದು ಬಾಗಿಲು ತೆರೆದರು. ಮೇಲ್ಪದರ ಜೇನಿನ ಬಣ್ಣ, ಅಂಚಿನಲ್ಲಿ ಗರಿ. ಥರ್ಮಾಮೀಟರ್ ಇಡಲಿಲ್ಲ, 94 ಇದ್ದೇ ಇರುತ್ತದೆ.

ಮೊದಲ ತಟ್ಟೆ ಯಾವಾಗಲೂ ದೊಡ್ಡಪ್ಪನದು. ಇವತ್ತು ದೊಡ್ಡಮ್ಮ ನನಗೆ ಕೊಟ್ಟರು. “ನೋಡೇ,” ಎಂದರು. ಒಂದು ತುತ್ತು ತಿಂದೆ. ನನ್ನ ಮುಖವನ್ನೇ ನೋಡುತ್ತಿದ್ದರು — ಎರಡು ವರ್ಷಗಳಿಂದ ಅವರು ರುಚಿ ನೋಡುತ್ತಿರುವುದು ಹೀಗೆ, ನಮ್ಮ ಮುಖಗಳಲ್ಲಿ.

“ಸಾಕಾ?”

“ಸಾಕು ದೊಡ್ಡಮ್ಮ.”

ಆಮೇಲೆ ಅವರೂ ತಟ್ಟೆ ಹಾಕಿಕೊಂಡು ಕೂತರು.


ಏಪ್ರಿಲ್ 7, ಸೋಮವಾರ. ಸಂಜೆ 4:40

ವಿಭಾಗದ ಕಾರಿಡಾರ್. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಸೆಕೆಂಡ್. ಮೇಡಂ ಕೋಣೆಯಿಂದ ಸುದ್ದಿ ತಿಳಿದು ಬಂದಿದ್ದಾಳೆ.

“ಹುಚ್ಚು ಹಿಡಿದಿದೆಯಾ? ಎಂಟು ಅಂತ ಹಾಕಿ ಬಾರೇ. ನೀನು ಬಿಟ್ಟುಕೊಟ್ಟ ಫಸ್ಟು ನಂಗೆ ಬೇಡ.”

“ಬಿಟ್ಟುಕೊಟ್ಟಿಲ್ಲ. ನಿನ್ನ ಸೂಪ್ ಚೆನ್ನಾಗಿತ್ತು.”

“ಏನಾಗಿದೆ ಅಂತಾದ್ರೂ ಹೇಳು.”

ಹೇಳಲಿಲ್ಲ. ಅವಳು ಎದ್ದು ಹೋಗಲಿಲ್ಲ. ಚೀಲ ತಲೆದಿಂಬು ಮಾಡಿಕೊಂಡು ಅಲ್ಲೇ ಒರಗಿದಳು.

4:50. ಮೇಡಂ ಕರೆದರು. ಒಳಗೆ ಮ್ಯಾನೇಜರ್ ಕೂಡ ಇದ್ದಾರೆ. ಹಾಳೆ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ನು.

5:05. ಬಂದೆ. ನಾನು ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತೇನೆ: ಕಾಲಂ ತುಂಬುವುದಿಲ್ಲ. ಕಾರಣವನ್ನೂ ಬರೆಯುವುದಿಲ್ಲ.